ಬಾವಿಗಿಡಕ್ಕೆ ಎಣ್ಣೆಸ್ನಾನ

"ಹೂಬಿಡುವ ಸಸ್ಯಕ್ಕೂ ಜರೀಗಿಡಕ್ಕೂ ಇರುವ ವ್ಯತ್ಯಾಸಗಳನ್ನು ವರ್ಗೀಕರಣ ಮತ್ತು ಆವಾಸದ ಆಧಾರದ ಮೇಲೆ ಬರೆಯಿರಿ. ನಾಲ್ಕು ಅಂಕ."

ಈ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಇಪ್ಪತ್ತಾರು ವರ್ಷದಿಂದ ನಂಜನಗೂಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಕಪ್ಪುಹಲಗೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ದಾಸವಾಳ. ಆವೃತಬೀಜ ಸಸ್ಯಗಳ ಗುಂಪು. ಹೂವುಂಟು, ಬೀಜವುಂಟು, ಬಿಸಿಲು ಬೇಕು. ಬಲಕ್ಕೆ ಜರೀಗಿಡ. ಟೆರಿಡೋಫೈಟಾ ಗುಂಪು, ಹೂವಿಲ್ಲ, ಬೀಜವಿಲ್ಲ, ನೆರಳು ಮತ್ತು ತೇವ ಬೇಕು. ಎಲೆಯ ಹಿಂಬದಿಯಲ್ಲಿ ಸಾಲುಸಾಲಾಗಿ ಕಂದು ಚುಕ್ಕೆಗಳು, ಆ ಚುಕ್ಕೆಗಳಲ್ಲಿ ಬೀಜಾಣುಗಳು. ಬೀಜದ ಕೆಲಸವನ್ನು ಅವೇ ಮಾಡುತ್ತವೆ.

ಈ ಚುಕ್ಕೆಗಳನ್ನು ನಾನು ಕಂದು ಬಣ್ಣದ ಸೀಮೆಸುಣ್ಣದಲ್ಲೇ ಇಡುತ್ತೇನೆ. ಅದಕ್ಕೆಂದೇ ಒಂದು ತುಂಡನ್ನು ಬ್ಯಾಗಿನ ಒಳಜೇಬಿನಲ್ಲಿ ಕಾಪಾಡಿಕೊಂಡಿದ್ದೇನೆ. ಶಿಸ್ತು ಎಂದರೆ ಹಾಗಿರಬೇಕು.

ಇಂಥ ನನಗೆ ತಿ. ನರಸೀಪುರದಲ್ಲಿ ತಾಲ್ಲೂಕಿನ ವಿಜ್ಞಾನ ಶಿಕ್ಷಕರ ಎದುರು ಒಂದು ಮಾದರಿ ಪಾಠ ಮಾಡಿ ಎಂದು ಕರೆ ಬಂತು. ವಿಷಯ ಇದೇ. ಚಿತ್ರ ಸಾಲದು, ಜೀವಂತ ಗಿಡಗಳನ್ನೇ ತರಬೇಕು ಎಂಬುದು ಷರತ್ತು. ದಾಸವಾಳಕ್ಕೇನು, ನಮ್ಮ ಹಿತ್ತಿಲಲ್ಲೇ ಎರಡು ಬಗೆಯದಿದೆ. ಜರೀಗಿಡ ಮಾತ್ರ ನಮ್ಮ ಬಯಲುಸೀಮೆಯಲ್ಲಿ ಕಂಡಕಂಡಲ್ಲಿ ಸಿಗುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಒಂದಿತ್ತು. ಅದು ಅತ್ತೆಯದು. ತೊಂದರೆಯ ಮೂಲವೂ ಅಲ್ಲೇ ಇತ್ತು.

ನನ್ನ ಅತ್ತೆ ದೇವೀರಮ್ಮ ಅವರಿಗೆ ಎಪ್ಪತ್ತೆಂಟು ವರ್ಷ. ತವರು ಚಿಕ್ಕಯ್ಯನಛತ್ರದ ಕಡೆಯ ಒಂದು ಹಳ್ಳಿ. ಅಲ್ಲಿ ಅವರ ಅಣ್ಣನ ಮನೆಯ ಹಿಂದೆ ಕಲ್ಲುಕಟ್ಟಡದ ಬಾವಿಯೊಂದಿತ್ತು. ಬೋರ್‌ವೆಲ್ ಬಂದ ಮೇಲೆ ಬಾವಿಯ ಬಾಯಿಗೆ ಚಪ್ಪಡಿ ಎಳೆಸುವುದೆಂದು ತೀರ್ಮಾನವಾಯಿತು. ಆ ದಿನ ಅತ್ತೆ ಅಲ್ಲೇ ಇದ್ದರು. ಹೊರಡುವಾಗ ಅತ್ತಿಗೆ ಮಡಿಲಕ್ಕಿ ತುಂಬಲು ಬಂದರೆ, ಅಕ್ಕಿ ಕೊಬ್ಬರಿ ಬೇಡ ಎಂದು ಸೆರಗು ಒಡ್ಡಿ, ಬಾವಿಯ ಕಲ್ಲುಸಂದಿಯಲ್ಲಿ ಬೆಳೆದಿದ್ದ ಈ ಗಿಡವನ್ನು ಮಣ್ಣುಸಮೇತ ಹಾಕಿಸಿಕೊಂಡು ಬಂದರು. ತಳ ತೂತಾದ ಒಂದು ದಬರಿಯಲ್ಲಿ ನೆಟ್ಟು ಬಚ್ಚಲ ನೀರು ಹರಿಯುವ ಮೂಲೆಯಲ್ಲಿಟ್ಟರು. ಅದನ್ನು ಅವರು ಬಾವಿಗಿಡ ಎನ್ನುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿದ ಮೇಲೆ ಅದಕ್ಕೊಂದು ಚೊಂಬು ನೀರು, ಆಮೇಲೆ ದಾಸವಾಳದಿಂದ ಎರಡು ಹೂ, ಆಮೇಲೆ ಲಿಂಗಪೂಜೆ. ಹನ್ನೊಂದು ವರ್ಷದಲ್ಲಿ ಈ ಕ್ರಮ ತಪ್ಪಿದ್ದನ್ನು ನಾನು ನೋಡಿಲ್ಲ. ಅವರ ತವರಿನಿಂದ ನಮ್ಮ ಮನೆಗೆ ಬಂದದ್ದರಲ್ಲಿ ಉಳಿದಿದ್ದುದು ಅದೊಂದೇ.

ಒಂದು ದಿನದ ಮಟ್ಟಿಗೆ ಗಿಡ ಕೊಡಿ ಎಂದಾಗ ಅತ್ತೆ ದಬರಿಯ ಅಂಚನ್ನೊಮ್ಮೆ ಸವರಿದರು.

"ತಕೊಂಡೋಗವ್ವ. ಮಕ್ಳಿಗೆ ಅಂತೀಯ, ಬ್ಯಾಡ ಅನ್ನಕಾಯ್ತದಾ? ಆದ್ರೆ ಎಂಗೆ ಓಯ್ತದೋ ಅಂಗೇ ಬರ್ಬೇಕು ಕಣಮ್ಮ, ಮಂಗಳಾ."

"ನೀವು ಏನೂ ಯೋಚನೆ ಮಾಡ್ಬೇಡಿ ಅತ್ತೆ. ನಾನು ಓದಿರೋದೇ ಇದನ್ನ" ಎಂದೆ.

ಈ ಕೊನೆಯ ಮಾತನ್ನು ನಾನು ಹೇಳಬಾರದಿತ್ತು.

ಪಾಠವಿದ್ದದ್ದು ಸೋಮವಾರ. ಭಾನುವಾರ ಬೆಳಿಗ್ಗೆ ಅತ್ತೆ ಚಿಕ್ಕಯ್ಯನಛತ್ರಕ್ಕೆ ಒಂದು ನಾಮಕರಣಕ್ಕೆ ಹೋದರು. ಹೋಗುವಾಗ, ಹೂವಿಗೆ ಒಂಟಿ ದಾಸವಾಳ ಒಯ್ಯಿ, ಅದೇ ಲಕ್ಷಣ ಎಂದು ಹೇಳಿದರು. ಆಗಲಿ ಎಂದು ತಲೆಯಾಡಿಸಿದೆ. ಅವರು ಬಾಗಿಲು ದಾಟಿದ ಮೇಲೆ, ಅಷ್ಟು ಜನ ಶಿಕ್ಷಕರ ಎದುರು ಐದೇ ಎಸಳಿನ ಬಡ ಹೂವನ್ನು ತೋರಿಸುವುದೇ ಎಂದುಕೊಂಡು, ಮುಷ್ಟಿಗಾತ್ರದ ಮುದ್ದೆ ದಾಸವಾಳದ ಮೊಗ್ಗಿಗೆ ಗುರುತಿನ ದಾರ ಕಟ್ಟಿದೆ. ಆಮೇಲೆ ದಬರಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಂದಿಟ್ಟು, ಮುಖ ತೊಳೆಸಿ ಅಣಿ ಮಾಡೋಣವೆಂದು ಒಂದು ಎಲೆಯನ್ನು ಮಗುಚಿದೆ.

ಮೈ ಜುಮ್ಮೆಂದಿತು. ಎಲೆಯ ಹಿಂದೆಲ್ಲ ಕಂದು ಬಣ್ಣದ ಗುಳ್ಳೆಗಳು! ನಡುನರದ ಎರಡೂ ಬದಿಗೆ, ಅಳತೆ ಹಿಡಿದು ಇಟ್ಟ ಹಾಗೆ, ಸಾಲುಸಾಲಾಗಿ. ಇನ್ನೊಂದು ಎಲೆ ಮಗುಚಿದೆ. ಅಲ್ಲೂ ಅಷ್ಟೇ. ಪಾಪ, ಅತ್ತೆಗೆ ಕಣ್ಣು ಮಂದ. ಇಷ್ಟು ವರ್ಷ ರೋಗದ ಗಿಡಕ್ಕೆ ನೀರು ಹೊಯ್ದಿದ್ದಾರೆ ಎಂದು ಮರುಕವಾಯಿತು. ಓದುಗರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ. ಕಾರಣ ನಾಚಿಕೆಗೇಡಿನದು, ಆದರೂ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷ ನಾನು ಆ ಚುಕ್ಕೆಗಳನ್ನು ಬರೆದಿದ್ದೆನೇ ಹೊರತು ಎಂದೂ ನೋಡಿರಲಿಲ್ಲ. ಹನ್ನೊಂದು ವರ್ಷದಿಂದ ನನ್ನದೇ ಬಚ್ಚಲ ಹಿಂದೆ ಇದ್ದ ಗಿಡದ ಒಂದು ಎಲೆಯನ್ನೂ ಮಗುಚಿರಲಿಲ್ಲ.

ಮನೆಯಲ್ಲಿ ಇನ್ನೊಬ್ಬ ತಜ್ಞರಿದ್ದರು. ನನ್ನ ಯಜಮಾನರು ಬಸವರಾಜು ಅವರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರ ಮತ್ತು ಕೀಟನಾಶಕದ ಅಂಗಡಿ. ಎಲೆಯ ಫೋಟೋ ತೆಗೆದು ಅಂಗಡಿಗೆ ಕಳಿಸಿದೆ. ಅರ್ಧ ನಿಮಿಷದಲ್ಲಿ ಫೋನ್ ಬಂತು. ಅದು ರಸ ಹೀರುವ ಹುಳು, ದಾಳಿಂಬೆಗೆ ಬರುವುದೂ ಅದೇ, ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಉಜ್ಜು ಎಂದು ಅಪ್ಪಣೆಯಾಯಿತು. ಗಿರಾಕಿಗಳ ನಡುವೆಯೂ ಹೆಂಡತಿಗೆ ಇಷ್ಟು ಸಮಯ ಕೊಟ್ಟರಲ್ಲ ಎಂದು ಸಂತೋಷಪಟ್ಟೆ.

ಹಳೆಯ ಟೂತ್‌ಬ್ರಷ್ ಒಂದನ್ನು ಹುಡುಕಿದೆ. ಸೆರಗು ಸಿಕ್ಕಿಸಿ ಕೂತೆ. ಒಟ್ಟು ಇಪ್ಪತ್ತೆರಡು ಎಲೆಗಳು, ಮೂರು ಗಂಟೆಯ ಕೆಲಸ. ಒಂದೊಂದು ಎಲೆಯನ್ನೂ ಅಂಗೈ ಮೇಲೆ ಮಲಗಿಸಿಕೊಂಡು, ಬೇವಿನೆಣ್ಣೆ ಹಚ್ಚಿ, ಮಗುವಿಗೆ ಹಲ್ಲುಜ್ಜಿಸುವಂತೆ ಉಜ್ಜಿದೆ. ಕಂದು ಪುಡಿ ಉದುರಿ ನೀರು ಟೀ ಬಣ್ಣಕ್ಕೆ ತಿರುಗಿತು. ಒಂದು ಹುಳುವೂ ಕಾಲು ಆಡಿಸಲಿಲ್ಲ. ಇಷ್ಟು ವಿಧೇಯ ಹುಳುಗಳನ್ನು ನಾನು ನೋಡಿರಲಿಲ್ಲ! ಆ ನೀರನ್ನು ಅಲ್ಲೇ ಒಗೆಯುವ ಕಲ್ಲಿನ ಬುಡಕ್ಕೆ ಚೆಲ್ಲಿದೆ. ತೊಳೆದ ಗಿಡ ಒಣಗಲಿ ಎಂದು ದಬರಿಯನ್ನು ತಾರಸಿಗೆ ಹೊತ್ತು, ಆಷಾಢದ ಮೋಡ ಸರಿದು ಬಿದ್ದಿದ್ದ ಬಿಸಿಲಿನಲ್ಲಿ ಮಧ್ಯಾಹ್ನವೆಲ್ಲ ಇಟ್ಟೆ. ನೆರಳು ಮತ್ತು ತೇವ ಬೇಕು ಎಂಬುದು ಪರೀಕ್ಷೆಗೆ. ಮನೆಯ ಗಿಡಕ್ಕೂ ಅದು ಅನ್ವಯಿಸುತ್ತದೆ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಾನವಾದರೂ ಉಳಿಯುತ್ತಿತ್ತು. ವಾಟ್ಸಾಪ್ ಸ್ಟೇಟಸ್ಸಿಗೆ ಎರಡು ಫೋಟೋ ಜೋಡಿಸಿ ಹಾಕಿದೆ. ಒಂದರಲ್ಲಿ ಚುಕ್ಕೆ ತುಂಬಿದ ಎಲೆ, ಇನ್ನೊಂದರಲ್ಲಿ ಎಣ್ಣೆಸ್ನಾನ ಮಾಡಿ ಫಳಫಳ ಹೊಳೆಯುವ ಎಲೆ. ಅಡಿಯಲ್ಲಿ "ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಂತರ" ಎಂದು ಬರೆದೆ. ಹೆಬ್ಬೆರಳಿನ ಸುರಿಮಳೆಯಾಯಿತು. ಒಬ್ಬರು ಯಾವ ಗಿಡ ಮೇಡಂ ಎಂದು ಕೇಳಿದ್ದಕ್ಕೆ, ನಾಳೆ ಪಾಠದಲ್ಲಿ ನೋಡುವಿರಂತೆ ಎಂದು ಉತ್ತರಿಸಿದೆ.

ಸಂಜೆ ಅತ್ತೆ ಬರುವಷ್ಟರಲ್ಲಿ ಎಲೆಗಳ ತುದಿ ಕಪ್ಪಾಗತೊಡಗಿತ್ತು. ಪ್ರಯಾಣಕ್ಕೆಂದು ಸುತ್ತಿದ್ದೇನೆ ಎಂದು ಹೇಳಿ ಗಿಡಕ್ಕೆ ಹಳೇ ಸೀರೆಯ ತುಂಡು ಹೊದಿಸಿಟ್ಟೆ. ನೀರು ಹಾಕಿದೆಯಾ ಎಂದಷ್ಟೇ ಕೇಳಿದರು. ಹಾಕಿದ್ದೆ. ಎಂಥ ನೀರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಬೆಳಿಗ್ಗೆ ನರಸೀಪುರದ ಬಸ್ಸಿನಲ್ಲಿ ದಬರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬೇವಿನೆಣ್ಣೆಯ ವಾಸನೆಗೆ ಪಕ್ಕದ ಹೆಂಗಸು ಮೂಗು ಅರಳಿಸಿ, ಔಷಧಿ ಗಿಡವೇ, ಯಾವ ಕಾಯಿಲೆಗೆ ಎಂದು ವಿಚಾರಿಸಿದರು. ಕಾಯಿಲೆ ಗಿಡಕ್ಕೇ ಇತ್ತು, ನಾನು ವಾಸಿ ಮಾಡಿದೆ ಎಂದೆ. ಜೊತೆಗೆ, ಇದು ಹೂ ಬಿಡದ ಸಸ್ಯವರ್ಗಕ್ಕೆ ಸೇರಿದ್ದು ಎಂದು ಗರ್ಗೇಶ್ವರಿಯವರೆಗೂ ವಿವರಿಸಿದೆ. ಹೂವಿಲ್ಲ, ಕಾಯಿಲ್ಲ, ಮತ್ತೆ ಯಾಕೆ ಸಾಕುತ್ತೀರಿ ಎಂದು ಅವರು ಕೇಳಿದರು. ಆ ಪ್ರಶ್ನೆ ಪಠ್ಯದಲ್ಲಿ ಇರಲಿಲ್ಲ.

ಪಾಠ ಶುರುವಾಯಿತು. ಮುಂದೆ ಒಂಬತ್ತನೇ ತರಗತಿಯ ಮಕ್ಕಳು, ಹಿಂದಿನ ಬೆಂಚುಗಳಲ್ಲಿ ಶಿಕ್ಷಕರು. ಹಲಗೆಯ ನಡುವೆ ಗೆರೆ ಎಳೆದು ಎರಡೂ ಚಿತ್ರ ಬರೆದೆ. ಕಂದು ಸೀಮೆಸುಣ್ಣ ತೆಗೆದು ಚುಕ್ಕೆಗಳನ್ನು ಒಂದೊಂದಾಗಿ ಇಟ್ಟೆ. ಹಿಂದಿನಿಂದ ಯಾರೋ ಭೇಷ್ ಎಂದರು.

ಮೊದಲು ದಾಸವಾಳ. ಎಸಳುಗಳು ಐದು ಎಂದು ಹೇಳಿ ಹೂವನ್ನು ಮೊದಲ ಬೆಂಚಿಗೆ ಕೊಟ್ಟೆ. ಮಕ್ಕಳು ಎಣಿಸಿದರು, ಮತ್ತೆ ಎಣಿಸಿದರು, ಇಪ್ಪತ್ತು ದಾಟಿದ ಮೇಲೆ ನನ್ನ ಮುಖ ನೋಡಿದರು. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿಬಿಟ್ಟಿರುತ್ತವೆ. ಹೂವಿನ ನಡುವೆ ಉದ್ದ ಕೊಳವೆಯ ಸುತ್ತ ಕೇಸರಗಳನ್ನು ತೋರಿಸಬೇಕೆಂದು ಬ್ಲೇಡಿನಲ್ಲಿ ಸೀಳಿದರೆ, ಒಳಗೂ ಎಸಳು, ಅದರೊಳಗೂ ಎಸಳು. ಇದು ವಿಶೇಷ ತಳಿ ಎಂದು ಹೇಳಿ ಮೇಜಿನ ಮೂಲೆಗೆ ಸರಿಸಿದೆ. ಒಂಟಿ ದಾಸವಾಳ ಒಯ್ಯಿ ಎಂದ ಅತ್ತೆ ಓದಿದ್ದು ಎರಡನೇ ಕ್ಲಾಸು.

ಹೋಗಲಿ, ಜರೀಗಿಡದಲ್ಲಿ ಮಾನ ಉಳಿಸಿಕೊಳ್ಳೋಣವೆಂದು ದಬರಿಯನ್ನು ಎತ್ತಿ ಹಿಡಿದು, "ಈಗ ಎಲೆಯ ಹಿಂಬದಿ ನೋಡಿ. ಸಾಲಾಗಿ ಕಂದು ಬಣ್ಣದ" ಎಂದು ಎಲೆ ಮಗುಚಿದೆ.

ಎಲೆ ಹೊಳೆಯುತ್ತಿತ್ತು.

ನನ್ನ ಕೈಯಲ್ಲಿ ಕಂದು ಸೀಮೆಸುಣ್ಣ. ಹಲಗೆಯ ಮೇಲೆ ನಾನೇ ಇಟ್ಟ ಚುಕ್ಕೆಗಳು, ನಡುನರದ ಎರಡೂ ಬದಿಗೆ, ಅಳತೆ ಹಿಡಿದು ಇಟ್ಟ ಹಾಗೆ. ಅವುಗಳನ್ನು ನೋಡಿದೆ, ಎಲೆಯನ್ನು ನೋಡಿದೆ. ನಿನ್ನೆಯ ಮೂರು ಗಂಟೆ, ಟೀ ಬಣ್ಣದ ನೀರು, ಕಾಲಾಡಿಸದ ಹುಳುಗಳು ಎಲ್ಲ ಒಟ್ಟಿಗೆ ನೆನಪಾದವು. ಆದರೂ ಶಿಕ್ಷಕಿಯ ಬಾಯಿ ಸುಮ್ಮನಿರುತ್ತದೆಯೇ? ಈ ಕಾಲದಲ್ಲಿ ಬೀಜಾಣುಗಳು ಇನ್ನೂ ಮೂಡಿರುವುದಿಲ್ಲ ಎಂದುಬಿಟ್ಟೆ.

ಸೋಮನಾಥಪುರದ ಕಡೆಯಿಂದ ಬಂದಿದ್ದ ಒಬ್ಬ ಮೇಷ್ಟ್ರು ಎದ್ದು ನಿಂತರು. ಒಳ್ಳೆಯ ಮನುಷ್ಯ, ಮುಖದಲ್ಲಿ ಕುಚೋದ್ಯವಿರಲಿಲ್ಲ.

"ಮೇಡಂ, ನಿನ್ನೆ ನಿಮ್ ಸ್ಟೇಟಸ್‌ನಲ್ಲಿ ಇದ್ವಲ್ಲ?"

ಅವರ ಫೋನು ಬೆಂಚಿನಿಂದ ಬೆಂಚಿಗೆ ಹೋಯಿತು. ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಂತರ. ಚಿತ್ರ ದೊಡ್ಡದು ಮಾಡಿ ಮಕ್ಕಳು ಬೀಜಾಣುಗಳ ಗುಂಪನ್ನು ಬಹಳ ಚೆನ್ನಾಗಿ ನೋಡಿದರು. ಶಿಕ್ಷಕರು ನಗು ತಡೆಯಲು ಪುಸ್ತಕಗಳನ್ನು ಮುಖಕ್ಕೆ ಹಿಡಿದರು. ಪಾಠದ ವರದಿಯಲ್ಲಿ ಬಳಸಿದ ಬೋಧನೋಪಕರಣ ಎಂಬಲ್ಲಿ ಮೊಬೈಲ್ ಎಂದು ನಮೂದಾಯಿತು.

ನಗೆಪಾಟಲಾದದ್ದನ್ನು ಹೇಗೋ ಸಹಿಸಬಹುದಿತ್ತು. ಊಟದ ಹೊತ್ತಿಗೆ ನೋಡಿದರೆ ಎಲೆಗಳೆಲ್ಲ ಸುರುಟಿ ದಬರಿಯ ಅಂಚಿಗೆ ಜೋತುಬಿದ್ದಿದ್ದವು. ಮುಟ್ಟಿದರೆ ಪುಡಿ. ಆಗ ನನಗೆ ನಿಜವಾಗಿ ಭಯವಾಯಿತು. ಅತ್ತೆ ಸೆರಗೊಡ್ಡಿ ತಂದದ್ದು ಇದು. ಹೇಗೆ ಹೋಗುತ್ತದೋ ಹಾಗೇ ಬರಬೇಕು ಎಂದಿದ್ದರು. ತಣ್ಣೀರು ತಾಗಿದರೆ ಜೀವ ಬಂದೀತೇನೋ ಎಂಬ ಆಸೆಯಿಂದ ನದಿ ಸಂಗಮದ ಕಡೆ ನಡೆದೆ. ಸ್ನಾನಘಟ್ಟದ ಮೆಟ್ಟಿಲಲ್ಲಿ ಕೂತು ನೀರು ಚಿಮುಕಿಸುವಾಗ, ಪಕ್ಕದ ಗೋಡೆಯ ಕಲ್ಲುಸಂದಿಯಲ್ಲಿ, ನೆರಳಲ್ಲಿ, ಹಸಿರಾಗಿ ಹತ್ತಾರು ಜರೀಗಿಡಗಳು ಕಂಡವು. ಎಷ್ಟೋ ಸಲ ಇದೇ ಮೆಟ್ಟಿಲಲ್ಲಿ ಮಿಂದಿದ್ದೇನೆ. ಒಂದು ಎಲೆ ಮಗುಚಿದೆ. ಸಾಲಾಗಿ, ಕಂದು ಬಣ್ಣದ ಚುಕ್ಕೆಗಳು. ಅಳು ಬಂತು.

ಅಳುವಿನ ನಡುವೆಯೇ ಕೈ ಬುದ್ಧಿಗಿಂತ ಮುಂದೆ ಓಡಿತು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಗಿಡವನ್ನು ಬೇರುಸಹಿತ ಕಿತ್ತು ದಬರಿಗೆ ನೆಟ್ಟೆ. ಸತ್ತದ್ದನ್ನು ಸೀರೆತುಂಡಿನಲ್ಲಿ ಸುತ್ತಿ ಊಟದ ಬ್ಯಾಗಿಗೆ ಸೇರಿಸಿದೆ. ಎರಡೂ ಒಂದೇ ವರ್ಗ, ಒಂದೇ ಆವಾಸ. ಕಣ್ಣು ಮಂದವಾದವರಿಗೆ ಏನು ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಅತ್ತೆ ದಬರಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಒಂದು ಎಲೆಯನ್ನು ಬುಡದಿಂದ ತುದಿಯವರೆಗೆ ಬೆರಳಲ್ಲಿ ಸವರಿದರು. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ಇದ್ಯಾರ ಮನೆ ಮಗು ಕಣವ್ವ?"

ನಾನು ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ನಮ್ದೆಲ್ಲಿ?"

ಬ್ಯಾಗಿನಿಂದ ಸೀರೆತುಂಡಿನ ಗಂಟು ತೆಗೆದು ಅವರ ಮುಂದಿಟ್ಟೆ. ಹುಳು ಎಂದು ತಿಳಿದದ್ದು, ಬ್ರಷ್ಷು, ಎಣ್ಣೆ, ತಾರಸಿ, ಸ್ಟೇಟಸ್ಸು, ಮೆಟ್ಟಿಲು, ಎಲ್ಲ ಒಪ್ಪಿಸಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಗಂಟು ಬಿಚ್ಚಿ, ಒಣಗಿದ ಎಲೆಗಳನ್ನು ಕತ್ತರಿಸಿ, ಗೆಡ್ಡೆಯಂಥ ಬೇರನ್ನು ಮಾತ್ರ ಮತ್ತೆ ದಬರಿಯ ಮಣ್ಣಲ್ಲಿ ಹುಗಿದು ಬಚ್ಚಲ ಮೂಲೆಯಲ್ಲಿಟ್ಟರು. ದಬರಿಯಿಂದ ತೆಗೆದ ನದಿಯ ಗಿಡಕ್ಕೆ ಒದ್ದೆ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟರು.

"ಇದ್ನ ಎಲ್ಲಿಂದ ಕಿತ್ಕಂಬಂದ್ಯೋ ಅಲ್ಲೇ ಬುಟ್ಬುಟ್ ಬಾ. ಅದ್ರ ತವ್ರು ಅಲ್ಲೇ ಅದೆ."

ಮರುದಿನ ಅರ್ಧ ದಿನ ರಜೆ ಹಾಕಿ ಮತ್ತೆ ಅದೇ ಬಸ್ಸು ಹತ್ತಿದೆ. ಗ್ರಹಚಾರಕ್ಕೆ ಅದೇ ಹೆಂಗಸು ಪಕ್ಕದಲ್ಲಿ! ಗಿಡ ನೋಡಿ, ಎಷ್ಟು ಚೆನ್ನಾಗಿ ಚೇತರಿಸಿಕೊಂಡಿದೆ, ಯಾವ ಔಷಧಿ ಹಾಕಿದಿರಿ ಎಂದು ಕೇಳಿದರು. ಈ ಸಲ ಗರ್ಗೇಶ್ವರಿಯವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ.

ಬಾವಿಗಿಡದ ಬೇರು ಚಿಗುರಲಿಲ್ಲ. ಅತ್ತೆ ದಿನವೂ ಖಾಲಿ ದಬರಿಗೆ ಒಂದು ಚೊಂಬು ನೀರು ಹಾಕುತ್ತಿದ್ದರು. ಒಂದು ದಿನ ನಾನು, ಬಾವಿಯೇ ಮುಚ್ಚಿಹೋಗಿದೆ, ಈ ಗಿಡದಲ್ಲಿ ಅಂಥಾದ್ದು ಏನಿತ್ತು ಎಂದು ಕೇಳಿದೆ. ಕೇಳಬಾರದ ಮಾತು, ಆದರೆ ತಪ್ಪಿತಸ್ಥರಿಗೆ ಇಂಥವೇ ಮಾತು ಬರುತ್ತವೆ. ಅವರು ಹುಡುಗಿಯಾಗಿದ್ದಾಗ ಬಾವಿಗೆ ಇಣುಕುವ ಮೊದಲು ಈ ಗಿಡವನ್ನು ನೋಡುತ್ತಿದ್ದರಂತೆ. ಅದು ಹಸಿರಾಗಿದ್ದರೆ ನೀರು ಹತ್ತಿರವಿದೆ, ಹಗ್ಗ ಗಿಡ್ಡದ್ದು ಸಾಕು. ಅದು ಬಾಡಿದರೆ ಉದ್ದದ ಹಗ್ಗ ತರಬೇಕು. ಆವಾಸ ಎಂಬ ಪದವನ್ನು ನಾನು ಸಾವಿರ ಸಲ ಹಲಗೆಯ ಮೇಲೆ ಬರೆದಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಅವತ್ತು, ಬಚ್ಚಲ ಮೆಟ್ಟಿಲ ಮೇಲೆ ಕೂತು.

ಕಾರ್ತಿಕ ಬಂತು. ಒಗೆಯುವ ಕಲ್ಲಿನ ಬುಡದಲ್ಲಿ, ಸಂದಿಯಲ್ಲಿ, ತೆಳ್ಳಗೆ ಹಸಿರು ಪಾಚಿ ಕಟ್ಟಿತ್ತು. ಅತ್ತೆ ಜಾರಿ ಬಿದ್ದರೆ ಗತಿಯೇನು? ಇಷ್ಟು ಅನಾಹುತ ಮಾಡಿದವಳು ಇದೊಂದು ಒಳ್ಳೆಯ ಕೆಲಸ ಮಾಡೋಣವೆಂದು ಬ್ಲೀಚಿಂಗ್ ಪೌಡರಿನ ಡಬ್ಬಿ ಮತ್ತು ಅದೇ ಟೂತ್‌ಬ್ರಷ್ ಹಿಡಿದು ಕೂತೆ. ಹಿಂದಿನಿಂದ ಬಂದು ಅತ್ತೆ ನನ್ನ ಮುಂಗೈ ಹಿಡಿದರು. ಆ ವಯಸ್ಸಿನಲ್ಲಿ ಅಷ್ಟು ಬಿಗಿ ಹಿಡಿತ ನಾನು ನಿರೀಕ್ಷಿಸಿರಲಿಲ್ಲ.

"ಬ್ರಷ್ ಕೆಳಗಿಡವ್ವ. ಬಾವಿ ಕಲ್ಲಲ್ಲೂ ಮೊದ್ಲು ಇಂಗೇ ಅಸ್ರು ಕಟ್ಟದು. ಆಮ್ಯಾಕೆ ಗಿಡ ಬರದು."

ಬಗ್ಗಿ ನೋಡಿದೆ. ಪಾಚಿಯಲ್ಲ. ಸಾಸಿವೆಗಿಂತ ತುಸು ದೊಡ್ಡದಾದ ಹಸಿರು ಹಾಳೆಗಳು, ಒಂದೊಂದೂ ಹೃದಯದ ಆಕಾರದಲ್ಲಿ ಕಲ್ಲಿಗೆ ಅಂಟಿಕೊಂಡಿದ್ದವು. ಪಠ್ಯದಲ್ಲಿ ಜರೀಗಿಡದ ಜೀವನಚಕ್ರ ಎಂಬ ಚಿತ್ರವಿದೆ. ಬೀಜಾಣು ತೇವದಲ್ಲಿ ಬಿದ್ದರೆ ಮೊದಲು ಹೃದಯಾಕಾರದ ಪುಟ್ಟ ಹಾಳೆಯಾಗುತ್ತದೆ, ಅದರಿಂದ ಹೊಸ ಗಿಡ ಏಳುತ್ತದೆ. ಆ ಹಾಳೆಯನ್ನು ನಾನು ವರ್ಷಾ ವರ್ಷಾ ಹಸಿರು ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಅದಕ್ಕೂ ಬೇರೆ ತುಂಡು ಕಾಪಾಡಿಟ್ಟಿದ್ದೇನೆ. ಎರಡನೇ ಸಲವೂ ಗುರುತು ಹಿಡಿಯಲಿಲ್ಲ!

ರೋಗವೆಂದು ನಾನು ಉಜ್ಜಿ ಚೆಲ್ಲಿದ ಆ ಟೀ ಬಣ್ಣದ ನೀರು, ಸೋಪನ್ನೂ ಬೇವಿನೆಣ್ಣೆಯನ್ನೂ ನನ್ನನ್ನೂ ತಡೆದುಕೊಂಡು, ಕಲ್ಲಿನ ಸಂದಿಯಲ್ಲಿ ಅತ್ತೆಯ ಬಾವಿಗಿಡವನ್ನು ಉಳಿಸಿಕೊಂಡಿತ್ತು. ಸಂಕ್ರಾಂತಿಯ ಹೊತ್ತಿಗೆ ಬೆರಳುದ್ದದ ಏಳು ಗಿಡಗಳು ಎದ್ದವು. ಎಳೆಯ ತುದಿಗಳು ಸುರುಳಿ ಸುತ್ತಿಕೊಂಡಿದ್ದವು. ಅತ್ತೆ ಒಂದನ್ನು ಬೆರಳಲ್ಲಿ ಸವರಿ, ನಮ್ಮದೇ ಎಂದರು. ಆಮೇಲೆ ನನ್ನ ಕೈಗೆ ಚೊಂಬು ಕೊಟ್ಟರು. ನನಗೆ ಯಾವ ಬಹುಮಾನ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಈಗ ನಮ್ಮ ಶಾಲೆಯ ಮಕ್ಕಳು ಪ್ರತಿವರ್ಷ ಆ ಪಾಠಕ್ಕೆ ನಮ್ಮ ಹಿತ್ತಿಲಿಗೇ ಬರುತ್ತಾರೆ. ಎಲೆ ಮಗುಚಿ ತೋರಿಸುವವರು ಅತ್ತೆ. ನಾನು ಎರಡು ಮಾರು ದೂರ, ಕೈಕಟ್ಟಿ ನಿಂತು, ವರ್ಗೀಕರಣ ಮಾತ್ರ ಹೇಳುತ್ತೇನೆ. ಮನೆಯ ಹಳೆಯ ಟೂತ್‌ಬ್ರಷ್‌ಗಳೆಲ್ಲ ಅತ್ತೆಯ ಪೆಟ್ಟಿಗೆಯಲ್ಲಿ ಬೀಗದೊಳಗಿವೆ. ಕುಕ್ಕರಿನ ಮುಚ್ಚಳ ಉಜ್ಜಲು ಒಂದು ಬೇಕೆಂದರೂ ನಾನು ಯಾತಕ್ಕೆ ಎಂದು ಕಾರಣ ಹೇಳಬೇಕು, ಕೆಲಸವಾದ ಕೂಡಲೇ ವಾಪಸು ಒಪ್ಪಿಸಬೇಕು. ಹೋದ ವಾರ ಕೇಳಿದ್ದೆ. ಕುಕ್ಕರನ್ನು ಮೊದಲು ತೋರಿಸು ಎಂದರು.